ಸೀಲ್ಡ್ ಬಾಕ್ಸಿನ 10 ಇಂಚು, ಪೋರ್ಟೆಡ್ ಬಾಕ್ಸಿನ 12 ಇಂಚು: ಎರಡು ಸಬ್‌ವೂಫರ್‌ಗಳನ್ನು ಒಂದೇ ಆಂಪ್‌ಗೆ ಜೋಡಿಸಬಹುದೇ?

ಪ್ರಶ್ನೆ:
ನನ್ನ ಹ್ಯಾಚ್‌ಬ್ಯಾಕ್ ಕಾರಿನ ಡಿಕ್ಕಿಯಲ್ಲಿ ಸೀಲ್ಡ್ (ಪೂರ್ತಿ ಮುಚ್ಚಿದ) ಬಾಕ್ಸಿನ 10 ಇಂಚಿನ, 4 ಓಮ್ ಸಬ್‌ವೂಫರ್ ಇದೆ. ಅದನ್ನು ನಡೆಸುವ ಮೊನೊ ಆಂಪ್ 2 ಓಮ್‌ವರೆಗೆ ಇಳಿದರೂ ತಾಳಿಕೊಳ್ಳುತ್ತದೆ. ನಮ್ಮ ಭಾವನವರು ತಮ್ಮ ಕಾರನ್ನು ಮಾರುವ ಮೊದಲು ಬಿಚ್ಚಿಟ್ಟ 12 ಇಂಚಿನ, 2 ಓಮ್ ಸಬ್‌ವೂಫರ್ ಈಗ ನನಗೆ ಸಿಕ್ಕಿದೆ. ಅದರದು 35 ಹರ್ಟ್ಜ್‌ಗೆ ಟ್ಯೂನ್ ಮಾಡಿದ ಪೋರ್ಟೆಡ್ (ಗಾಳಿ ಓಡಾಡುವ ಕೊಳವೆಯಿರುವ) ಬಾಕ್ಸ್. ನಾನು ಹೆಚ್ಚಾಗಿ ಕೇಳುವುದು ಹಿಂದೂಸ್ತಾನಿ ಸಂಗೀತ. ಡಗ್ಗಾದ ನಾದ ಬಿಗಿಯಾಗಿ ಕೇಳಬೇಕು, ಸಿನಿಮಾ ಹಾಡುಗಳಲ್ಲಿ ಇನ್ನಷ್ಟು ಆಳವಾದ ಬಾಸ್ ಸಿಕ್ಕರೆ ಸಂತೋಷ. ಎರಡನ್ನೂ ಇದೇ ಆಂಪ್‌ಗೆ ಜೋಡಿಸಬಹುದೇ?

ಉತ್ತರ 1:
ಪ್ಯಾರಲಲ್ ಆಗಿ ಜೋಡಿಸಿದರೆ ಒಟ್ಟು ಇಂಪೀಡೆನ್ಸ್ (ಓಮ್‌ನಲ್ಲಿ ಅಳೆಯುವ ವಿದ್ಯುತ್ ತಡೆ) 1.33 ಓಮ್‌ಗೆ ಇಳಿಯುತ್ತದೆ. ಇದು ತಮ್ಮ ಆಂಪ್‌ನ ಮಿತಿಗಿಂತ ಕಡಿಮೆಯಾದ್ದರಿಂದ ಅದು ಅತಿಯಾಗಿ ಕಾದು ಪ್ರೊಟೆಕ್ಷನ್‌ಗೆ ಹೋಗಬಹುದು (ತಾನೇ ನಿಂತುಬಿಡಬಹುದು), ಸುಟ್ಟುಹೋಗಲೂಬಹುದು. ಸೀರೀಸ್ ಆಗಿ ಜೋಡಿಸಿದರೆ 6 ಓಮ್ ಆಗುವುದರಿಂದ ಆಂಪ್‌ಗೆ ಅಪಾಯವಿಲ್ಲ. ಆದರೆ ಅದು ಕೊಡುವ ಒಟ್ಟು ವ್ಯಾಟ್ ತಗ್ಗುತ್ತದೆ. ತಗ್ಗಿದ್ದರಲ್ಲೂ ಸುಮಾರು ಮೂರನೇ ಎರಡು ಪಾಲು 10 ಇಂಚಿನದಕ್ಕೇ ಹೋಗಿ, ದೊಡ್ಡದಕ್ಕೆ ಒಂದೇ ಪಾಲು ಉಳಿಯುತ್ತದೆ. 12 ಇಂಚಿನದಕ್ಕೆ ಬೇರೆ ಆಂಪ್ ಕೊಡುವುದೇ ದಾರಿ.

ಉತ್ತರ 2:
ಓಮ್‌ನ ಲೆಕ್ಕವನ್ನು ಒಪ್ಪುತ್ತೇನೆ, ಆದರೆ ಎರಡನೆಯ ಆಂಪ್‌ಗೆ ಹಣ ಹಾಕುವ ಮೊದಲು ಬಾಕ್ಸುಗಳ ಸ್ವಭಾವವನ್ನು ಗಮನಿಸಬೇಕು. ಇಂಚುಗಳ ವ್ಯತ್ಯಾಸ ಅಷ್ಟು ದೊಡ್ಡ ತೊಡಕಲ್ಲ; ತೊಡಕಿರುವುದು ಫೇಸ್‌ನಲ್ಲಿ, ಅಂದರೆ ಎರಡರ ಶಬ್ದದ ಅಲೆಗಳು ಒಟ್ಟಿಗೆ ಏರಿಳಿಯುವ ಹೊಂದಾಣಿಕೆಯಲ್ಲಿ. 70–80 ಹರ್ಟ್ಜ್ ಆಸುಪಾಸಿನಲ್ಲಿ ಸೀಲ್ಡ್ ಮತ್ತು ಪೋರ್ಟೆಡ್ ಬಾಕ್ಸುಗಳ ಶಬ್ದ ಬಹುಮಟ್ಟಿಗೆ ಕೂಡಿಕೊಂಡೇ ಹೋಗುತ್ತದೆ. ಟ್ಯೂನಿಂಗ್ ಆವರ್ತನದತ್ತ ಇಳಿದಂತೆ ಪೋರ್ಟಿನಿಂದ ಹೊರಡುವ ಶಬ್ದದ ಪಾಲು ಹೆಚ್ಚಿ, ಎರಡರ ಫೇಸ್ ಅಂತರ ಬೆಳೆಯುತ್ತ, 35 ಹರ್ಟ್ಜ್‌ಗಿಂತ ಸಾಕಷ್ಟು ಕೆಳಗೆ ಬಂದಾಗ ಅವು ಹೆಚ್ಚುಕಡಿಮೆ ಎದುರುಬದುರಾಗುತ್ತವೆ. ಸಮಬಲದ ಎರಡು ಶಬ್ದಗಳ ನಡುವಿನ ಅಂತರ 120 ಡಿಗ್ರಿ ದಾಟಿದರೆ, ಎರಡೂ ಸೇರಿ ಒಂದಕ್ಕಿಂತ ಕಡಿಮೆ ಬಾಸ್ ಕೊಡುತ್ತವೆ. ತಾವು ಬಯಸುವ ಆಳವೇ ಅಲ್ಲಿ ನಷ್ಟವಾಗುತ್ತದೆ.

ಪ್ರಶ್ನೆ ಕೇಳಿದವರು:
ವಿವರಣೆಗೆ ಧನ್ಯವಾದಗಳು. ಒಂದರ ಪ್ಲಸ್, ಮೈನಸ್ ವೈರ್‌ಗಳನ್ನು ಅದಲುಬದಲು ಮಾಡಿದರೆ ಇದು ಸರಿಹೋಗುವುದಿಲ್ಲವೇ?

ಉತ್ತರ 2:
ಇಲ್ಲ. ಹಾಗೆ ಮಾಡಿದರೆ ಎಲ್ಲ ಆವರ್ತನಗಳ ಫೇಸ್ ಒಟ್ಟಿಗೇ ತಿರುಗುವುದರಿಂದ, ಕೆಳಗೆ ಕೂಡಿದ್ದು ಮೇಲೆ ಕಳೆಯುತ್ತದೆ, ಮತ್ತು ಡಗ್ಗಾದ ನಾದ ಬಹುಪಾಲು ಇರುವುದು ಆ ಮೇಲಿನ ಭಾಗದಲ್ಲೇ. ಪ್ರತ್ಯೇಕ ಆಂಪ್‌ಗಳ ಜೊತೆ ಡಿಎಸ್‌ಪಿ (ಶಬ್ದದ ಸಂಕೇತವನ್ನು ತಿದ್ದುವ ಡಿಜಿಟಲ್ ಸಾಧನ) ಇದ್ದರೆ ಗೇನ್, ಡಿಲೇ, ಫಿಲ್ಟರ್‌ಗಳನ್ನು ಬೇರೆಬೇರೆಯಾಗಿ ಹೊಂದಿಸಿ ತಕ್ಕಮಟ್ಟಿಗೆ ಸುಧಾರಿಸಬಹುದು. ಆಗಲೂ ಚಾಲಕನ ತಲೆಯ ಎತ್ತರದಲ್ಲಿ ಫೋನ್ ಹಿಡಿದು, ಆರ್‌ಟಿಎ (ಆವರ್ತನವಾರು ಶಬ್ದಮಟ್ಟ ತೋರಿಸುವ) ಆ್ಯಪ್‌ನಲ್ಲಿ ಪಿಂಕ್ ನಾಯ್ಸ್‌ನ (ಎಲ್ಲ ಆವರ್ತನಗಳೂ ಬೆರೆತ ಪರೀಕ್ಷಾ ಸದ್ದಿನ) ಮಟ್ಟವನ್ನು ಒಂದೊಂದರಿಂದ ಬೇರೆಯಾಗಿಯೂ ಎರಡರಿಂದ ಒಟ್ಟಿಗೂ ಅಳೆದು ಹೋಲಿಸಿ ನೋಡಲೇಬೇಕು.

ನನ್ನ ಸಲಹೆ ಸರಳವಾದುದು. ಮೊದಲು 10 ಇಂಚಿನದನ್ನು ಬಿಚ್ಚಿಟ್ಟು, 12 ಇಂಚಿನದೊಂದನ್ನೇ ಇದೇ ಆಂಪ್‌ಗೆ ಜೋಡಿಸಿ. 2 ಓಮ್‌ಗೆ ಅದು ಸರಿಹೊಂದುತ್ತದೆ. ಟ್ಯೂನಿಂಗ್‌ಗಿಂತ ಕೆಳಗೆ ಪೋರ್ಟೆಡ್ ಬಾಕ್ಸಿನ ಕೋನ್‌ಗೆ ಗಾಳಿಯ ತಡೆ ಇರುವುದಿಲ್ಲವಾದ್ದರಿಂದ ತೀರ ಕೆಳಗಿನ ಆವರ್ತನಗಳನ್ನು ತಡೆಯುವ ಸಬ್‌ಸಾನಿಕ್ ಫಿಲ್ಟರನ್ನು 30 ಹರ್ಟ್ಜ್ ಹತ್ತಿರ ಇಡಿ. ಡಗ್ಗಾದ ಬಿಗಿ ಸಡಿಲವಾಯಿತೆನಿಸಿದರೆ ಹಳೆಯ ಸೀಲ್ಡ್ ಬಾಕ್ಸನ್ನೇ ಮತ್ತೆ ಕೂರಿಸಿ, 12 ಇಂಚಿನದನ್ನು ಮಾರಿ, ಆ ಹಣದಲ್ಲಿ ಈಗಿರುವಂಥದೇ ಇನ್ನೊಂದು 10 ಇಂಚಿನ ಸಬ್‌ವೂಫರನ್ನು ಅಷ್ಟೇ ಅಳತೆಯ ಸೀಲ್ಡ್ ಬಾಕ್ಸಿನೊಂದಿಗೆ ಕೊಳ್ಳಿ. ಪ್ಯಾರಲಲ್ ಆಗಿ ಅವೆರಡೂ ಸರಿಯಾಗಿ 2 ಓಮ್ ಆಗುತ್ತವೆ.