ಮಂಡಿಚಿಪ್ಪು ಜಾರುವವರ ಸ್ಕ್ಯಾನ್ ಅಳತೆ: ಒಂದೇ ಮೊಣಕಾಲಿಗೆ ಎರಡು ಸಂಖ್ಯೆ ಬಂದಾಗ

ಕೇಳಿದವರು: ಶಿವಮೊಗ್ಗದ ಒಬ್ಬ ತಾಯಿ

ನನ್ನ ಮಗಳಿಗೆ ಈಗ 14 ವರ್ಷ. ಖೋಖೋ ಆಡುವಾಗ ಒಂದೂವರೆ ವರ್ಷದಲ್ಲಿ ಮೂರು ಬಾರಿ ಅವಳ ಬಲಗಾಲಿನ ಮಂಡಿಚಿಪ್ಪು ಹೊರಬದಿಗೆ ಜಾರಿದೆ. ಸಿ.ಟಿ. ಸ್ಕ್ಯಾನ್ ವರದಿಯಲ್ಲಿ ಟಿ.ಟಿ.–ಟಿ.ಜಿ. ಅಂತರ 21 ಮಿ.ಮೀ. ಎಂದಿದೆ, ಆರು ವಾರಗಳ ನಂತರ ಬೇರೆ ಕಡೆ ಮಾಡಿಸಿದ ಎಂ.ಆರ್.ಐ. ವರದಿಯಲ್ಲಿ ಅದೇ ಅಂತರ 16 ಮಿ.ಮೀ. ಎಂದಿದೆ. ನಿಲ್ಲಿಸಿ ತೆಗೆದ ಎಕ್ಸ್‌ರೇ ನೋಡಿ, ಮೊಣಕಾಲು ಒಳಕ್ಕೆ ವಾಲಿದೆ ಎಂದೂ ಬರೆದಿದ್ದಾರೆ. ಒಬ್ಬ ವೈದ್ಯರು ಮೂಳೆಯನ್ನು ಕತ್ತರಿಸಿ ಸರಿಸಬೇಕೆನ್ನುತ್ತಾರೆ, ಇನ್ನೊಬ್ಬರು ಮಂಡಿಚಿಪ್ಪನ್ನು ಹಿಡಿದಿಡುವ, ಈಗ ಹರಿದಿರುವ ಅಸ್ಥಿಬಂಧವನ್ನು ಸರಿಪಡಿಸಿದರೆ ಸಾಕೆನ್ನುತ್ತಾರೆ. ಯಾವ ಅಳತೆಯನ್ನು ನಂಬಬೇಕು? ಅನುಭವವುಳ್ಳವರು ದಯವಿಟ್ಟು ತಿಳಿಸಿರಿ.

ಹುಬ್ಬಳ್ಳಿಯಿಂದ, 19 ವರ್ಷಗಳಿಂದ ಸ್ಕ್ಯಾನ್ ತಂತ್ರಜ್ಞನಾಗಿರುವವನ ಉತ್ತರ

ತಾಯಿಯವರಿಗೆ ನಮಸ್ಕಾರ. ಎರಡೂ ಅಳತೆಗಳು ಸರಿಯಾಗಿಯೇ ಇರಬಹುದು ಎಂಬುದನ್ನು ಮೊದಲು ಹೇಳುತ್ತೇನೆ. ತೊಡೆಮೂಳೆಯ ತುದಿಯಲ್ಲಿ ಮಂಡಿಚಿಪ್ಪು ಓಡಾಡುವ ತೋಡಿನ ಅತ್ಯಂತ ಆಳದ ಬಿಂದುವನ್ನು ಒಂದು ಚಿತ್ರದಲ್ಲಿಯೂ, ಮಂಡಿಚಿಪ್ಪಿನ ಸ್ನಾಯುರಜ್ಜು ಬಂದು ಅಂಟಿಕೊಳ್ಳುವ ಕೆಳಗಾಲಿನ ಮೂಳೆಯ ಉಬ್ಬನ್ನು ಇನ್ನೊಂದು ಚಿತ್ರದಲ್ಲಿಯೂ ಗುರುತಿಸಿ, ಒಂದರ ಮೇಲೊಂದನ್ನು ಇಟ್ಟು, ಅಡ್ಡಕ್ಕೆ ಎಷ್ಟು ಮಿಲಿಮೀಟರ್ ದೂರವಿದೆ ಎಂದು ನೋಡುವುದೇ ಟಿ.ಟಿ.–ಟಿ.ಜಿ. ಅಳತೆ (ಟಿ.ಟಿ. ಎಂದರೆ ಆ ಉಬ್ಬು, ಟಿ.ಜಿ. ಎಂದರೆ ತೋಡು). ಮೊಣಕಾಲು ಪೂರ್ತಿ ನೇರವಾಗುವ ಕೊನೆಯ ಹಂತದಲ್ಲಿ ಕೆಳಗಾಲಿನ ಮೂಳೆ ಸ್ವಲ್ಪ ಹೊರಕ್ಕೆ ತಿರುಗುತ್ತದೆ, ಆ ಉಬ್ಬೂ ಅದರೊಡನೆ ಹೊರಕ್ಕೆ ಹೋಗುತ್ತದೆ. ಆದ್ದರಿಂದ ಕಾಲು ನೇರವಿದ್ದಾಗ ಅಂತರ ಹೆಚ್ಚು, ಮಡಚಿದಷ್ಟೂ ಕಡಿಮೆ. ಸಿ.ಟಿ.ಯಲ್ಲಿ ಕಾಲನ್ನು ಸಾಮಾನ್ಯವಾಗಿ ನೇರವಾಗಿ ಚಾಚಿ ಮಲಗಿಸುತ್ತೇವೆ. ಎಂ.ಆರ್.ಐ.ಯಲ್ಲಿ ಮೊಣಕಾಲಿನ ಸುತ್ತ ಇಡುವ ಕಾಯಿಲ್ ಎಂಬ ಸಾಧನದೊಳಗೆ ಕಾಲು ಕೊಂಚ ಮಡಚಿಕೊಂಡೇ ಇರುತ್ತದೆ. ಎಂ.ಆರ್.ಐ. ಸಂಖ್ಯೆ ಕೆಲವು ಮಿಲಿಮೀಟರ್ ಕಡಿಮೆ ಬರುವುದಕ್ಕೆ ಇದೊಂದು ಮುಖ್ಯ ಕಾರಣ.

ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿ, ನೋವಿನಿಂದ ನರಳುತ್ತಿದ್ದ ಒಬ್ಬ ಹುಡುಗನ ಮೊಣಕಾಲಿನ ಕೆಳಗೆ ನಾನು ಕನಿಕರದಿಂದ ದಿಂಬನ್ನಿಟ್ಟು ಸ್ಕ್ಯಾನ್ ಮಾಡಿದೆ. ಅಂತರ 13 ಮಿ.ಮೀ. ಬಂದಿತು. ಕಾಲು ಹೇಗಿತ್ತೆಂದು ಶಸ್ತ್ರಚಿಕಿತ್ಸಕರು ಫೋನ್ ಮಾಡಿ ಕೇಳಿದ ಮೇಲೆ, ನೋವು ಇಳಿದ ನಂತರ ಕಾಲನ್ನು ಚಾಚಿಸಿ ಮತ್ತೆ ತೆಗೆದಾಗ 18 ಮಿ.ಮೀ. ಇತ್ತು. ಅಂದಿನಿಂದ ಮೊಣಕಾಲು ಎಷ್ಟು ಮಡಚಿತ್ತು ಎಂಬುದನ್ನು ವರದಿಗೆ ಹೋಗುವ ಚೀಟಿಯಲ್ಲಿ ತಪ್ಪದೆ ಬರೆಯುತ್ತಿದ್ದೇನೆ. ನಿಮ್ಮ ಎರಡೂ ವರದಿಗಳಲ್ಲಿ ಆ ಮಾತು ಇದೆಯೇ ನೋಡಿರಿ.

ನಿಂತ ಎಕ್ಸ್‌ರೇಯ ವಿಷಯದಲ್ಲಿಯೂ ಒಂದು ಎಚ್ಚರಿಕೆ ಬೇಕು. ಸೊಂಟದಿಂದ ಪಾದದ ಕೀಲಿನವರೆಗಿನ ಉದ್ದ ಚಿತ್ರ ತೆಗೆಯುವಾಗ ಮಂಡಿಚಿಪ್ಪು ನೇರ ಮುಂದಕ್ಕೆ ನೋಡುವಂತೆ ನಿಲ್ಲಿಸಬೇಕೆಂದು ನಮಗೆಲ್ಲ ಕಲಿಸಿದ್ದಾರೆ. ಆದರೆ ಮಂಡಿಚಿಪ್ಪೇ ಹೊರಬದಿಗೆ ಸರಿದಿರುವವರಲ್ಲಿ ಅದನ್ನು ನಡುವಿಗೆ ತರಲು ಇಡೀ ಕಾಲನ್ನೇ ಒಳಕ್ಕೆ ತಿರುಗಿಸಬೇಕಾಗುತ್ತದೆ. ಹಾಗೆ ತಿರುಗಿದ ಕಾಲು ಸ್ವಲ್ಪ ಮಡಚಿಯೂ ಇದ್ದರೆ ಚಿತ್ರದಲ್ಲಿ ಇರುವುದಕ್ಕಿಂತ ಹೆಚ್ಚು ಒಳಕ್ಕೆ ವಾಲಿದಂತೆ ಕಾಣುತ್ತದೆ. ಇಂಥವರನ್ನು ನಿಲ್ಲಿಸುವಾಗ ತೊಡೆಮೂಳೆಯ ಕೆಳತುದಿಯ ಎರಡು ಗುಬುಟುಗಳನ್ನು ಆಧಾರವಾಗಿ ಇಟ್ಟುಕೊಳ್ಳುವುದೇ ಸರಿ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮಂಗಳೂರಿನಿಂದ, ಮೂಳೆ ಮತ್ತು ಕೀಲು ಶಸ್ತ್ರಚಿಕಿತ್ಸಕರೊಬ್ಬರ ಉತ್ತರ

ಮೇಲಿನವರು ಹೇಳಿದ್ದನ್ನು ಪೂರ್ಣವಾಗಿ ಒಪ್ಪುತ್ತೇನೆ. ಅಂತರ ಅತಿಯಾಯಿತು ಎನ್ನಲು ನಾವೆಲ್ಲ ಬಳಸುವ 20 ಮಿ.ಮೀ. ಎಂಬ ಗಡಿ ಫ್ರಾನ್ಸಿನ ಲಿಯಾನ್ ನಗರದ ಆನ್ರಿ ದೆಜೂರ್ ಮತ್ತು ಸಂಗಡಿಗರು 1994ರಲ್ಲಿ ಪ್ರಕಟಿಸಿದ ಅಧ್ಯಯನದಿಂದ ಬಂದದ್ದು, ಮತ್ತು ಅದು ಸಿ.ಟಿ. ಚಿತ್ರಗಳ ಮೇಲೆ ನಿಂತ ಗಡಿ. ಅದನ್ನು ಎಂ.ಆರ್.ಐ. ಸಂಖ್ಯೆಗೆ ಹಾಗೆಯೇ ಅನ್ವಯಿಸಬಾರದು. ಅದೇ ಅಧ್ಯಯನ ತೋಡಿನ ಆಳದ ಕೊರತೆ, ಮಂಡಿಚಿಪ್ಪಿನ ಎತ್ತರ ಮತ್ತು ಅದರ ಓರೆಯನ್ನೂ ಸಮನಾಗಿ ಎಣಿಸಿತ್ತು. ಕಾಲಕ್ರಮದಲ್ಲಿ ಮಿಲಿಮೀಟರ್ ಒಂದೇ ಜನರ ಬಾಯಲ್ಲಿ ಉಳಿದದ್ದು ವಿಷಾದದ ಸಂಗತಿ. ತೋಡು ಚಪ್ಪಟೆಯಾಗಿರುವವರಲ್ಲಿ ಅದರ ಆಳದ ಬಿಂದು ಎಲ್ಲಿದೆ ಎಂಬುದೇ ಊಹೆಯಾಗುತ್ತದೆ, ಇಬ್ಬರು ಅಳೆದರೆ ಎರಡು ಉತ್ತರ ಬರುತ್ತದೆ. ಆಗ ತೋಡನ್ನು ಬಿಟ್ಟು, ಹಿಂಬದಿಯ ಅಡ್ಡ ಅಸ್ಥಿಬಂಧದಿಂದ ಉಬ್ಬಿಗೆ ಇರುವ ದೂರವನ್ನು ಅಳೆಯುವ ಟಿ.ಟಿ.–ಪಿ.ಸಿ.ಎಲ್. ವಿಧಾನವನ್ನೂ ನಾನು ನೋಡುತ್ತೇನೆ. 2012ರಲ್ಲಿ ಪ್ರಕಟವಾದ ಆ ವಿಧಾನದಲ್ಲಿ ಗಡಿ 24 ಮಿ.ಮೀ.

ಮಂಡಿಚಿಪ್ಪು ಎತ್ತರದಲ್ಲಿದೆಯೇ ಎಂಬುದನ್ನು ಕಾಟನ್–ದೆಶಾಂ ಅನುಪಾತದಿಂದ ಕೇಳಿ ತಿಳಿಯಿರಿ, 1.2ಕ್ಕಿಂತ ಹೆಚ್ಚಿದ್ದರೆ ಚಿಪ್ಪು ತೋಡಿಗೆ ತಡವಾಗಿ ಇಳಿಯುತ್ತದೆ. ಮೈಕಟ್ಟನ್ನೂ ಮರೆಯಬಾರದು. ಗಿಡ್ಡ ಹುಡುಗಿಯೊಬ್ಬಳ 18 ಮಿ.ಮೀ. ಮತ್ತು ಆರಡಿ ಯುವಕನ 18 ಮಿ.ಮೀ. ಒಂದೇ ಅರ್ಥ ಕೊಡುವುದಿಲ್ಲ.

ಎಲ್ಲಕ್ಕಿಂತ ಮೊದಲು ಕೇಳಬೇಕಾದದ್ದು ಮತ್ತೊಂದಿದೆ: ಮಗಳ ಮೊಣಕಾಲಿನ ಬೆಳವಣಿಗೆಯ ಫಲಕಗಳು, ಅಂದರೆ ಮೂಳೆ ಬೆಳೆಯುವ ಮೃದ್ವಸ್ಥಿಯ ಪದರಗಳು, ಮುಚ್ಚಿವೆಯೇ? ಅವು ತೆರೆದಿರುವಾಗ ಆ ಉಬ್ಬನ್ನು ಕತ್ತರಿಸಿ ಸರಿಸಿದರೆ ಮೂಳೆಯ ಬೆಳವಣಿಗೆ ಓರೆಯಾಗಿ, ಮೊಣಕಾಲು ಹಿಂದಕ್ಕೆ ಬಾಗುವ ಅಪಾಯವಿದೆ. ಫಲಕಗಳು ಇನ್ನೂ ತೆರೆದಿದ್ದರೆ, 21 ಸರಿಯೋ 16 ಸರಿಯೋ ಎಂಬ ಚರ್ಚೆಯಿಂದ ಮೂಳೆ ಸರಿಸುವ ನಿರ್ಧಾರ ಈ ವರ್ಷ ಬದಲಾಗುವುದಿಲ್ಲ.

ಮೈಸೂರಿನಿಂದ, ಇದೇ ತೊಂದರೆ ಅನುಭವಿಸಿದ 27ರ ಯುವತಿಯ ಉತ್ತರ

ಅಕ್ಕಾ, ನನಗೆ ಅಸ್ಥಿಬಂಧದ ಶಸ್ತ್ರಚಿಕಿತ್ಸೆಯಾದ ಮೇಲೂ ಚಿಪ್ಪು ಎರಡು ಬಾರಿ ಜಾರಿತು. ಮೊದಲ ಬಾರಿ ಮೊಣಕಾಲನ್ನಷ್ಟೇ ಸ್ಕ್ಯಾನ್ ಮಾಡಿದ್ದರು. ನಂತರ ಸೊಂಟ, ಮೊಣಕಾಲು, ಪಾದದ ಕೀಲು ಮೂರನ್ನೂ ಒಂದೇ ಬಾರಿಗೆ ತೆಗೆದಾಗ ನನ್ನ ತೊಡೆಮೂಳೆಯೇ ಒಳಕ್ಕೆ ತಿರುಚಿರುವುದು ತಿಳಿಯಿತು. ಅಲ್ಲಿಯೂ ಅವೇ ಚಿತ್ರಗಳಿಂದ ಇಬ್ಬರು ವೈದ್ಯರಿಗೆ 11 ಡಿಗ್ರಿ ವ್ಯತ್ಯಾಸ ಬಂದಿತ್ತು, ಏಕೆಂದರೆ ತೊಡೆಮೂಳೆಯ ಕುತ್ತಿಗೆಯ ಗೆರೆಯನ್ನು ಇಬ್ಬರೂ ಬೇರೆ ಬೇರೆ ಕಡೆ ಎಳೆದಿದ್ದರು. ಹಾಗಾಗಿ ಅಳತೆಯ ವಿಧಾನದ ಹೆಸರನ್ನು ವರದಿಯಲ್ಲಿ ಬರೆಸಿಕೊಳ್ಳಿರಿ. ಅಚ್ಚಾದ ಫಿಲ್ಮ್ ಮಾತ್ರ ಸಾಲದು, ಎರಡೂ ಕಡೆಗಳಿಂದ ಚಿತ್ರಗಳ ಸಿ.ಡಿ.ಯನ್ನು ಕೇಳಿ ಪಡೆಯಿರಿ; ಮುಂದೆ ನೋಡುವ ವೈದ್ಯರು ಒಬ್ಬರೇ ಎರಡನ್ನೂ ಒಂದೇ ವಿಧಾನದಲ್ಲಿ ಅಳೆಯಲು ಅದರಿಂದ ಸಾಧ್ಯವಾಗುತ್ತದೆ. ನನ್ನ ವಿಷಯದಲ್ಲಿ ಅದಕ್ಕೆ ಅವರಿಗೆ ಬೇಕಾದದ್ದು ಅರ್ಧ ಗಂಟೆ ಮಾತ್ರ.