ಸಹಾಯ ಬೇಕು: ಅನ್ಯಗ್ರಹದವರ ಟ್ಯಾಂಕ್ ಖಾಲಿ ಮಾಡುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಚಿತ್ರದುರ್ಗದಲ್ಲಿ ನಮ್ಮ ಕಾಲೇಜಿನ ವಾರ್ಷಿಕೋತ್ಸವಕ್ಕೆ ನಾಟಕ ಬರೆಯುತ್ತಿದ್ದೇನೆ, ಅರ್ಧಕ್ಕೇ ನಿಂತಿದೆ. ಅನ್ಯಗ್ರಹದವರು ಚಳ್ಳಕೆರೆ ಹತ್ತಿರ ವಿಜ್ಞಾನ ಸಂಸ್ಥೆಗಳಿರುವ ಕುದಾಪುರದ ಬಯಲಲ್ಲಿ ಇಳಿದು, ಇಂಧನ ಕೊಡೋವರೆಗೂ ಜಾಗ ಬಿಡಲ್ಲ ಎಂದು ವಿಜ್ಞಾನಿಗಳ ಎದುರು ಕೂತಿದ್ದಾರೆ. (ಕೋಟೆ ಮೇಲೇ ಇಳಿಸು ಅಂದರು ಗೆಳೆಯರು. ಓಬವ್ವನ ಊರಲ್ಲಿ ಅವರಿಗೆ ಉಳಿಗಾಲ ಉಂಟಾ?)

ಅವರ ಎಂಜಿನ್ ಸೂರ್ಯನಂತೆ ಪರಮಾಣುಗಳನ್ನು ಬೆಸೆದು ಓಡುತ್ತದೆ, ಅದಕ್ಕೆ ಇಂಧನವಾಗಿ ಮೊದಲು ಡ್ಯೂಟೀರಿಯಂ (ಭಾರವಾದ ಹೈಡ್ರೋಜನ್) ಎಂದು ಬರೆದೆ. ಅದು ಮಾಮೂಲಿ ನೀರಲ್ಲೇ ಇದೆ, ಸುಮಾರು 6,400 ಹೈಡ್ರೋಜನ್ ಪರಮಾಣುಗಳಿಗೆ ಒಂದು. ಧೂಮಕೇತುಗಳ ಮಂಜಲ್ಲೂ ಇದೆ, ಸುಮ್ನೆ ಇಷ್ಟು ದೂರ ಯಾಕೆ ಬರಬೇಕು ಅಲ್ವಾ? ಆಮೇಲೆ ಟ್ರಿಟಿಯಂ (ಇನ್ನೂ ಭಾರದ, ವಿಕಿರಣಶೀಲ ಹೈಡ್ರೋಜನ್) ಹಿಡಿದೆ. 12.3 ವರ್ಷಕ್ಕೆ ಅರ್ಧ ಕರಗುತ್ತದೆ, ಹಾಗಾಗಿ ಮನೆಯಿಂದ ತಂದದ್ದು ದಾರಿಯಲ್ಲೇ ಮುಗಿಯಿತು, ಕೈಗಾ ಅಣುಸ್ಥಾವರದಂಥ ಭಾರಜಲ (ಡ್ಯೂಟೀರಿಯಂ ತುಂಬಿದ ನೀರು) ರಿಯಾಕ್ಟರಲ್ಲಿ ಹುಟ್ಟುವುದನ್ನೇ ಕೇಳಬೇಕು. ಸರಿಹೋಯ್ತು ಅಂದುಕೊಂಡೆ.

ಆದರೆ ಟ್ರಿಟಿಯಂ ಕರಗಿ ಆಗುವುದು ಹೀಲಿಯಂ-3 (ಹೀಲಿಯಂನ ಹಗುರ ರೂಪ), ಅದೂ ಇಂಧನವೇ! ಹಾಗಾದರೆ ಅವರ ಟ್ಯಾಂಕ್ ಖಾಲಿಯೇ ಆಗಿಲ್ಲ, ನಾಟಕ ಬಿತ್ತು. ಆದರೆ ಹೀಲಿಯಂ-3 ಉರಿಸಲು ಟ್ರಿಟಿಯಂಗಿಂತ ಇನ್ನೂ ಜಾಸ್ತಿ ಬಿಸಿ ಬೇಕು ಎಂದು ಓದಿದೆ. ಫಿಸಿಕ್ಸ್ ಮೇಷ್ಟ್ರು ಸಿಲಬಸ್ಸಲ್ಲಿ ಇಲ್ಲ ಅಂದುಬಿಟ್ಟರು.

ಗೊತ್ತಿರುವವರು ಹೇಳಿ: ಡ್ಯೂಟೀರಿಯಂ-ಟ್ರಿಟಿಯಂಗೆ ಮಾಡಿದ ಎಂಜಿನ್ ಹೀಲಿಯಂ-3ರಲ್ಲಿ ಓಡಲ್ಲ ಎಂದು ವಿಜ್ಞಾನಿಯ ಬಾಯಲ್ಲಿ ಹೇಳಿಸಿದರೆ ತಪ್ಪಾಗುತ್ತದಾ?