ವಿಶ್ವವಿದ್ಯಾಲಯದ ರಂಗಮಂದಿರದಲ್ಲಿ ಎಲ್ಲಿ ಕುಳಿತುಕೊಳ್ಳುವುದು ಸೂಕ್ತ?

ಪ್ರಶ್ನೆ:
ವಿಶ್ವವಿದ್ಯಾಲಯದ ರಂಗಮಂದಿರದಲ್ಲಿ ಮುಂದಿನ ವಾರ ಒಂದು ನಾಟಕವನ್ನೂ ಅದರ ಮರುದಿನ ವಾದ್ಯವೃಂದದ ಕಛೇರಿಯನ್ನೂ ನೋಡಬೇಕೆಂದಿದ್ದೇನೆ. ಎರಡಕ್ಕೂ ಮೊದಲ ಸಾಲಿನ ಆಸನವನ್ನೇ ಕಾಯ್ದಿರಿಸುವುದು ಸರಿಯೇ? ತಡವಾಗಿ ಹೋದರೆ ಒಳಗೆ ಬಿಡುತ್ತಾರೆಯೇ?

ಉತ್ತರ 1:
ನಾಟಕಕ್ಕೆ ಮುಂಭಾಗವೇನೋ ಸರಿ, ಆದರೆ ತೀರಾ ಮೊದಲ ಸಾಲು ಬೇಡ. ವೇದಿಕೆ ಎತ್ತರವಾಗಿದ್ದರೆ ನಟರ ಪಾದಗಳು ಕಾಣುವುದಿಲ್ಲ, ಕತ್ತೂ ನೋಯುತ್ತದೆ. ಕಛೇರಿಯ ವಿಚಾರ ಬೇರೆ. ಧ್ವನಿವರ್ಧಕವಿಲ್ಲದಿದ್ದಾಗ ಮುಂದೆ ಕುಳಿತವರಿಗೆ ಹತ್ತಿರದ ವಾದ್ಯವೇ ಹೆಚ್ಚಾಗಿ ಕೇಳುತ್ತದೆ. ನಡುವಿನ ಸಾಲುಗಳಲ್ಲಾದರೋ ಗೋಡೆ, ಚಾವಣಿಗಳಿಂದ ಪ್ರತಿಫಲಿಸಿದ ನಾದವೂ ಸೇರಿಕೊಂಡು ಎಲ್ಲ ವಾದ್ಯಗಳು ಹದವಾಗಿ ಬೆರೆತು ಕಿವಿಗೆ ತಲುಪುತ್ತವೆ. ಮಾತು ಸ್ಪಷ್ಟವಾಗಿ ಕೇಳಲು ಸುಮಾರು 1 ಸೆಕೆಂಡಿನ ಅನುರಣನ (ಸದ್ದು ನಿಂತ ಮೇಲೂ ಸಭಾಂಗಣದಲ್ಲಿ ಉಳಿಯುವ ಅದರ ಮೊಳಗು) ಸಾಕು, ವಾದ್ಯವೃಂದಕ್ಕೆ ಸುಮಾರು 2 ಸೆಕೆಂಡು ಹಿತ. ಆದ್ದರಿಂದ ಎರಡಕ್ಕೂ ಒಂದೇ ಸಭಾಂಗಣವನ್ನು ಬಳಸುವ ಕಡೆ, ನಾಟಕದ ದಿನ ದಪ್ಪ ಪರದೆಗಳನ್ನು ಇಳಿಬಿಟ್ಟು ಅನುರಣನವನ್ನು ತಗ್ಗಿಸುವುದುಂಟು.

ಉತ್ತರ 2:
ಬಾಲ್ಕನಿಯ ಕೆಳಗಿನ ಕೊನೆಯ ಸಾಲುಗಳನ್ನು ಮಾತ್ರ ತಪ್ಪಿಸಿ, ಅಲ್ಲಿ ನಾದ ಮಂಕಾಗುತ್ತದೆ. ತಡವಾಗಿ ಬಂದವರನ್ನು ಸಾಮಾನ್ಯವಾಗಿ ದೃಶ್ಯ ಬದಲಾಗುವವರೆಗೆ ಅಥವಾ ಒಂದು ಕೃತಿ ಮುಗಿಯುವವರೆಗೆ ಬಾಗಿಲಲ್ಲೇ ನಿಲ್ಲಿಸುತ್ತಾರೆ. ನಾನೂ ಒಮ್ಮೆ ಹಾಗೆ ಅರ್ಧ ಗಂಟೆ ನಿಂತಿದ್ದೇನೆ, ತಪ್ಪು ನನ್ನದೇ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಕಛೇರಿಗೆ ನಡುವಿನ ಸಾಲನ್ನೇ ಕಾಯ್ದಿರಿಸಿದ್ದೇನೆ.